ಕೇರ್ ಹೋಮ್ ಆರಿಸುವಾಗ ರಾತ್ರಿ ಪಾಳಿ ನೋಡಿ: ನಮ್ಮ ದೊಡ್ಡಮ್ಮನಿಗೆ ಆದದ್ದು ಇನ್ನೊಬ್ಬರಿಗೆ ಆಗದಿರಲಿ

ಮನೆಯ ಹಿರಿಯರನ್ನು ಕೇರ್ ಹೋಮ್‌ಗೆ ಸೇರಿಸುವ ಯೋಚನೆಯಲ್ಲಿದ್ದೀರಾ? ಈಗಾಗಲೇ ಸೇರಿಸಿದ್ದೀರಾ? ದಯವಿಟ್ಟು ಇದನ್ನು ಪೂರ್ತಿ ಓದಿ. ಜಾಗದ ಹೆಸರು ಬರೆಯುತ್ತಿಲ್ಲ, ದೂರು ಗ್ರಾಹಕರ ಆಯೋಗದಲ್ಲಿದೆ. ಹೆಸರು ಗೊತ್ತಾದರೆ ನೀವು ಆ ಒಂದು ಜಾಗ ತಪ್ಪಿಸಿಕೊಳ್ಳುತ್ತೀರಿ, ಅಷ್ಟೇ. ಏನು ನೋಡಬೇಕು ಅನ್ನೋದು ಗೊತ್ತಾದರೆ ಇಂಥ ಎಲ್ಲ ಜಾಗಗಳನ್ನೂ ಗುರುತಿಸಬಹುದು.

ದೊಡ್ಡಮ್ಮನಿಗೆ 78 ವರ್ಷ. ಅರಕಲಗೂಡಿನ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಮಗ ಕೆನಡಾದಲ್ಲಿ, ಮಗಳು ಪುಣೆಯಲ್ಲಿ. ನಡೆಯೋಕೆ ಕೆಲವು ತಿಂಗಳು ಬೇಕು, ದಿನಾ ಫಿಸಿಯೋಥೆರಪಿ ಆಗಬೇಕು ಅಂದರು ಡಾಕ್ಟರು. ಹಾಗಾಗಿ ಎಲ್ಲರೂ ಸೇರಿ ಊರಂಚಿನ ಒಂದು ಕೇರ್ ಹೋಮ್ ಆರಿಸಿದೆವು. ತಿಂಗಳಿಗೆ 45 ಸಾವಿರ, ಎರಡು ತಿಂಗಳ ಡೆಪಾಸಿಟ್. ಡೈಪರ್, ಔಷಧಿ, ಏರ್ ಬೆಡ್ (ಮೋಟಾರಿನಿಂದ ಗಾಳಿ ತುಂಬುವ ಹಾಸಿಗೆ) ಬಾಡಿಗೆ ಎಲ್ಲ ಬೇರೆ. ನೋಡೋಕೆ ಹೋದಾಗ ಅಂಗಳದಲ್ಲಿ ತುಳಸಿ ಕಟ್ಟೆ, ಒಳಗೆ ದೇವರ ಮನೆ, ಗೋಡೆ ಮೇಲೆ ವಾರದ ಊಟದ ಪಟ್ಟಿ, ಸಂಜೆ ಭಜನೆ. 24 ಗಂಟೆ ನರ್ಸ್ ಇರ್ತಾರೆ ಅಂದರು. ಯಾರಿಗಾದರೂ ಸಮಾಧಾನವಾಗುವಂಥ ಜಾಗ.

ಮಗನಿಗೆ ಭಾನುವಾರ ಬೆಳಿಗ್ಗೆ ವಿಡಿಯೊ ಕಾಲ್ ಮಾಡಿಸುತ್ತಿದ್ದರು. ತಲೆ ಬಾಚಿ, ಪೌಡರ್ ಹಾಕಿ, ಒಳ್ಳೆ ಸೀರೆ ಹೊದಿಸಿ ಕೂರಿಸಿರುತ್ತಿದ್ದರು. "ಅಮ್ಮ ಚೆನ್ನಾಗಿದ್ದಾಳೆ" ಅಂತ ಅವನು ನಮಗೆಲ್ಲ ಮೆಸೇಜ್ ಹಾಕುತ್ತಿದ್ದ. ವಿಡಿಯೊದಲ್ಲಿ ಕಾಣೋದು ಮುಖ. ಮಲಗಿದವರಿಗೆ ಗಾಯ ಆಗೋದು ಬೆನ್ನ ಹಿಂದೆ.

ನಾನು ಹೋದಾಗಲೆಲ್ಲ ಅವರನ್ನು ಕುರ್ಚಿಯಲ್ಲಿ ಕೂರಿಸಿ ವರಾಂಡಕ್ಕೆ ಕರೆತರುತ್ತಿದ್ದರು. ಒಂದು ಸಂಜೆ ಮೊದಲೇ ಫೋನ್ ಮಾಡದೆ ಹೋಗಿ ನೇರ ರೂಮಿಗೆ ನಡೆದೆ. ದೊಡ್ಡಮ್ಮ ಮಲಗಿದ್ದರು. ತುಟಿ ಒಡೆದು ಬಿಳಿಚಿತ್ತು. "ನೀರು ಕೊಡು ಮಗ, ಬೆನ್ನು ಉರೀತಿದೆ" ಅಂದರು. ನೀರಿನ ಬಾಟಲಿ ಕಿಟಕಿ ಮೇಲಿತ್ತು, ಅವರ ಕೈಗೆ ಎಟುಕೋ ಹಾಗಿರಲಿಲ್ಲ. ಏರ್ ಬೆಡ್ ಸಪ್ಪಗೆ ಬಿದ್ದಿತ್ತು. ಅದರ ಮೋಟಾರಿನ ಪ್ಲಗ್ ಕಿತ್ತು ಆ ಸಾಕೆಟ್ಟಿನಲ್ಲಿ ಯಾರದೋ ಫೋನ್ ಚಾರ್ಜ್‌ಗೆ ಹಾಕಿದ್ದರು.

ಮಗ್ಗುಲು ಹೊರಳಿಸಿ, ನೋಡಬೇಕು ಅಂದೆ. ಇನ್‌ಚಾರ್ಜ್ ಸಿಸ್ಟರ್ ಬಂದು, "ಸ್ವಲ್ಪ ರ್ಯಾಷ್ ಆಗಿದೆ ಮೇಡಂ, ಪೌಡರ್ ಹಾಕ್ತಿದ್ದೀವಿ" ಅಂದರು. ಹೊರಳಿಸಿದಾಗ ಬಾಲಮೂಳೆಯ ಹತ್ತಿರ ಒದ್ದೆಯಾದ ಬ್ಯಾಂಡೇಜು. ಅದನ್ನು ಬಿಚ್ಚಿದಾಗ ಬಂದ ವಾಸನೆ ಈಗಲೂ ಮರೆತಿಲ್ಲ. ಎರಡು ಬೆರಳು ಅಗಲದ ಗುಳಿ, ಅಂಚು ಕಪ್ಪಗೆ. ಆಸ್ಪತ್ರೆಯಲ್ಲಿ ಹೇಳಿದರು, ಬೆಡ್ ಸೋರ್, ಮೂರನೇ ಹಂತ. ಅಂದರೆ ಚರ್ಮ ಪೂರ್ತಿ ಹೋಗಿ ಕೆಳಗಿನ ಕೊಬ್ಬಿನ ಪದರದವರೆಗೂ ಗಾಯ ಇಳಿದಿದೆ ಅಂತ. ಆಸ್ಪತ್ರೆಗೆ ಹೊರಡುವ ಮುಂಚೆ ಕೇರ್ ಹೋಮ್‌ನಲ್ಲಿ ಮಂಚದ ಕಾಲಿಗೆ ನೇತುಹಾಕಿದ್ದ ಚಾರ್ಟ್ ನೋಡಿದ್ದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದಕ್ಕೆ ಸಹಿ ಹಾಕುವ ಚಾರ್ಟ್ ಅದು. ಆಗ ಸಂಜೆ ಐದೂವರೆ. ಚಾರ್ಟಿನಲ್ಲಿ ರಾತ್ರಿ 10 ಗಂಟೆವರೆಗೂ ಟಿಕ್ ಬಿದ್ದಿತ್ತು. ಒಂದೇ ಪೆನ್ನು, ಒಂದೇ ಕೈಬರಹ. ಫೋಟೊ ತೆಗೆದುಕೊಂಡೆ.

ಬೆಡ್ ಸೋರ್ ಹೇಗೆ ಆಗುತ್ತೆ ಅನ್ನೋದು ಪ್ರತಿ ಮನೆಯವರಿಗೂ ಗೊತ್ತಿರಬೇಕು. ಒಂದೇ ಮಗ್ಗುಲಲ್ಲಿ ಮಲಗಿದಾಗ ಮೂಳೆ ಮತ್ತು ಹಾಸಿಗೆ ಮಧ್ಯೆ ಸಿಕ್ಕ ಚರ್ಮಕ್ಕೆ ರಕ್ತ ಹೋಗಲ್ಲ. ಮೇಲಿಂದ ಮೂತ್ರದ ಒದ್ದೆ, ಊಟ ಕಮ್ಮಿ. ಚರ್ಮ ಸಾಯುತ್ತೆ. ಬಾಲಮೂಳೆ, ಹಿಮ್ಮಡಿ, ಸೊಂಟದ ಪಕ್ಕ, ಮೊಣಕೈ, ತಲೆಯ ಹಿಂಭಾಗ, ಇಷ್ಟು ಕಡೆ ನೋಡಲೇಬೇಕು. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಡಿ. ಒತ್ತಿದರೂ ಕೆಂಪು ಮಾಸದಿದ್ದರೆ ಅದು ಮೊದಲ ಹಂತ. ನಮ್ಮಂಥ ಕಂದು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣಲ್ಲ. ಸುತ್ತಲಿಗಿಂತ ಕಪ್ಪಾಗಿ ಅಥವಾ ನೇರಳೆಯಾಗಿ ಕಂಡರೆ, ಮುಟ್ಟಿದಾಗ ಬಿಸಿ ಅಥವಾ ಗಟ್ಟಿ ಅನ್ನಿಸಿದರೆ ಅದೇ ಸೂಚನೆ. ಆ ಹಂತದಲ್ಲಿ ಭಾರ ತಪ್ಪಿಸಿದರೆ ಸಾಮಾನ್ಯವಾಗಿ ವಾಸಿಯಾಗುತ್ತೆ. ಮೂರನೇ ಹಂತ ಮುಟ್ಟಿದರೆ ತಿಂಗಳುಗಟ್ಟಲೆ ಡ್ರೆಸಿಂಗ್. ಏರ್ ಬೆಡ್ ಇದೆ ಅಂತ ಮಗ್ಗುಲು ಬದಲಿಸೋದನ್ನು ಬಿಡೋ ಹಾಗಿಲ್ಲ.

ಇನ್ನೊಂದು ವಿಷಯ ನನಗೆ ಗಾಯಕ್ಕಿಂತ ಜಾಸ್ತಿ ಸಂಕಟ ಕೊಟ್ಟಿದ್ದು. ಅದರ ಹಿಂದಿನ ವಾರಗಳಲ್ಲಿ ದೊಡ್ಡಮ್ಮ ಏನೇನೋ ಮಾತಾಡುತ್ತಿದ್ದರು. ಸತ್ತುಹೋದ ದೊಡ್ಡಪ್ಪನನ್ನು ಕರೆಯೋದು, ರಾತ್ರಿ ಕೂಗೋದು. "ವಯಸ್ಸಾಯ್ತಲ್ಲ ಮೇಡಂ, ಅರಳು ಮರಳು" ಅಂದಿದ್ದರು ಇನ್‌ಚಾರ್ಜ್. ಆಸ್ಪತ್ರೆಯಲ್ಲಿ ಗೊತ್ತಾಯಿತು, ಮೂತ್ರದ ಸೋಂಕು ಮತ್ತು ನೀರಿನ ಕೊರತೆ. ವಯಸ್ಸಾದವರಲ್ಲಿ ಎಷ್ಟೋ ಸಲ ಜ್ವರವೇ ಬರಲ್ಲ, ನೇರ ಗಲಿಬಿಲಿ ಶುರುವಾಗುತ್ತೆ. ಆಂಟಿಬಯಾಟಿಕ್ ಕೊಟ್ಟು ಸಲೈನ್ ಹಾಕಿದ ಮೇಲೆ ದೊಡ್ಡಮ್ಮ ಮತ್ತೆ ನಮ್ಮ ದೊಡ್ಡಮ್ಮನೇ ಆದರು. ಮೊಮ್ಮಕ್ಕಳ ಪರೀಕ್ಷೆ ಬಗ್ಗೆ ವಿಚಾರಿಸಿದರು. ಹಿರಿಯರು ಇದ್ದಕ್ಕಿದ್ದಂತೆ ಗೊಂದಲದಲ್ಲಿ ಮಾತಾಡಿದರೆ ವಯಸ್ಸಿನ ಮೇಲೆ ಹಾಕಬೇಡಿ. ಅವತ್ತೇ ಮೂತ್ರ ಪರೀಕ್ಷೆ ಮಾಡಿಸಿ.

ನೀರು ಯಾಕೆ ಕೊಡುತ್ತಿರಲಿಲ್ಲ? ಜಾಸ್ತಿ ನೀರು ಕುಡಿದರೆ ಡೈಪರ್ ಜಾಸ್ತಿ ಸಲ ಬದಲಿಸಬೇಕು. ಅದಕ್ಕಿಂತ ದೊಡ್ಡ ಕಾರಣ ಭಾಷೆ. ನೋಡಿಕೊಳ್ಳುತ್ತಿದ್ದ ಹುಡುಗಿ ಜಾರ್ಖಂಡಿನವಳು. ಏಜೆನ್ಸಿ ಮೂಲಕ ಬಂದವಳು, ಹಿಂದಿ ಬಿಟ್ಟರೆ ಬೇರೆ ಬರಲ್ಲ. ದೊಡ್ಡಮ್ಮನಿಗೆ ಕನ್ನಡ ಬಿಟ್ಟರೆ ಬೇರೆ ಬರಲ್ಲ. ಬೆನ್ನು ಉರಿಯುತ್ತೆ ಅಂತ ಅವರು ಯಾರಿಗೆ ಹೇಳಬೇಕಿತ್ತು? ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. 12 ಗಂಟೆ ಪಾಳಿ, ರಾತ್ರಿ ಇಡೀ ಮಹಡಿಗೆ ಅವಳೊಬ್ಬಳೇ. 14 ಹಾಸಿಗೆ, ಅದರಲ್ಲಿ 9 ಮಂದಿ ಪೂರ್ತಿ ಹಾಸಿಗೆ ಹಿಡಿದವರು. ಒಬ್ಬರ ಮಗ್ಗುಲು ಬದಲಿಸಿ, ಡೈಪರ್ ನೋಡಿ, ಬಟ್ಟೆ ಸರಿ ಮಾಡೋಕೆ ಕಾಲು ಗಂಟೆ ಹಿಡಿಯಿರಿ. 9 ಜನರಿಗೆ ಎರಡೂಕಾಲು ಗಂಟೆ. ಎರಡು ಗಂಟೆಗೊಮ್ಮೆ ಬದಲಿಸ್ತೀವಿ ಅನ್ನೋ ಮಾತು ಲೆಕ್ಕದಲ್ಲೇ ಸುಳ್ಳು. ಅವಳು ಒಂದು ನಿಮಿಷ ಕೂರದೆ ದುಡಿದರೂ ಆಗಲ್ಲ. ಆ ಸುಳ್ಳು ಹೇಳಿದ್ದು ಮಾಲೀಕರು, ಟಿಕ್ ಹಾಕಬೇಕಾಗಿ ಬಂದದ್ದು ಅವಳು.

ಅದಕ್ಕೇ ಹೇಳೋದು, ಕಟ್ಟಡ ನೋಡಿ ತೀರ್ಮಾನ ಮಾಡಬೇಡಿ. ಸೇರಿಸುವ ಮುಂಚೆ ಒಮ್ಮೆಯಾದರೂ ರಾತ್ರಿ ಎಂಟೂವರೆ ಮೇಲೆ, ಇನ್ನೊಮ್ಮೆ ಭಾನುವಾರ ಮಧ್ಯಾಹ್ನ, ಹೇಳದೆ ಹೋಗಿ. ಬಿಡಲ್ಲ ಅಂದರೆ ಆ ಜಾಗ ಬೇಡ. ರಾತ್ರಿ ಎಷ್ಟು ಜನ ಡ್ಯೂಟಿ, ಹಾಸಿಗೆ ಹಿಡಿದವರು ಎಷ್ಟು ಅಂತ ಕೇಳಿ, ಆ ಲೆಕ್ಕ ನೀವೇ ಹಾಕಿ. ನರ್ಸ್ ಅಂತ ತೋರಿಸುವವರು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಓದಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆದವರಾ, ಇಲ್ಲಾ ಯೂನಿಫಾರ್ಮ್ ಹಾಕಿದ ಅಟೆಂಡರಾ ಕೇಳಿ. ಈಗ ಎಷ್ಟು ಜನಕ್ಕೆ ಬೆಡ್ ಸೋರ್ ಇದೆ, ಅದರಲ್ಲಿ ಇಲ್ಲಿಗೆ ಬಂದ ಮೇಲೆ ಆದದ್ದು ಎಷ್ಟು ಅಂತ ನೇರವಾಗಿ ಕೇಳಿ. ಒಳ್ಳೆ ಜಾಗದವರ ಹತ್ತಿರ ಇದಕ್ಕೆ ಉತ್ತರ ಇರುತ್ತೆ. ಕೇಳಿದ ತಕ್ಷಣ ಮುಖ ಗಂಟು ಹಾಕಿದರೆ ಎದ್ದು ಬನ್ನಿ. ಕನ್ನಡ ಬರುವವರು ಪ್ರತಿ ಪಾಳಿಯಲ್ಲೂ ಒಬ್ಬರಾದರೂ ಇರಬೇಕು ಅಂತ ಪಟ್ಟು ಹಿಡಿಯಿರಿ. ಅಲ್ಲಿರುವ ಬೇರೆ ಅಜ್ಜ ಅಜ್ಜಿಯರ ಉಗುರು, ತುಟಿ, ಕೈಗೆ ಎಟುಕುವಲ್ಲಿ ನೀರಿದೆಯಾ ಅನ್ನೋದನ್ನೂ ನೋಡಿ. ಹಗಲು ಹೊತ್ತಿನಲ್ಲಿ ಎಲ್ಲರೂ ಒಟ್ಟಿಗೆ ತೂಕಡಿಸುತ್ತಿದ್ದರೆ ಅನುಮಾನ ಪಡಿ.

ಯಾಕೆ ಅಂದರೆ ದೊಡ್ಡಮ್ಮನ ಡ್ರಾಯರಿನಲ್ಲಿ ಕ್ವೆಟಿಯಾಪಿನ್ ಮಾತ್ರೆಯ ಅರ್ಧ ಖಾಲಿ ಸ್ಟ್ರಿಪ್ ಸಿಕ್ಕಿತು. ಮಾನಸಿಕ ಕಾಯಿಲೆಗೆ ಕೊಡುವ, ತೂಕಡಿಕೆ ತರುವ ಔಷಧಿ ಅದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದು ಇರಲೇ ಇಲ್ಲ. ಚೀಟಿ ಬರೆದ ಡಾಕ್ಟರು ಯಾರು ಅಂದರೆ ಉತ್ತರ ಇಲ್ಲ. ಮರೆವಿನ ಕಾಯಿಲೆ ಇರುವ ವಯಸ್ಸಾದವರಿಗೆ ಈ ಗುಂಪಿನ ಔಷಧಿ ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ಏನು ಮಾತ್ರೆ, ಯಾರು ಬರೆದದ್ದು, ಯಾವ ಹೊತ್ತಿಗೆ ಕೊಟ್ಟರು ಅನ್ನೋದನ್ನು ಪ್ರತಿ ವಾರ ಹಳೆ ಚೀಟಿ ಪಕ್ಕದಲ್ಲಿಟ್ಟು ತಾಳೆ ನೋಡಿ.

ಮಾಲೀಕರ ಹತ್ತಿರ ಮಾತಾಡಿದಾಗ ಅವರು ಹೇಳಿದ್ದು, "ಈ ವಯಸ್ಸಲ್ಲಿ ಇದೆಲ್ಲ ಸಹಜ. ಅಷ್ಟು ಪ್ರೀತಿ ಇದ್ದಿದ್ರೆ ಮನೇಲೇ ನೋಡ್ಕೋಬಹುದಿತ್ತಲ್ಲ." ಈ ಮಾತು ನಿಮಗೂ ಬರುತ್ತೆ, ತಯಾರಾಗಿರಿ. ಮಕ್ಕಳ ಬಾಯಿ ಮುಚ್ಚಿಸೋಕೆ ಇದಕ್ಕಿಂತ ಸುಲಭದ ಮಾತಿಲ್ಲ. ದುಡ್ಡು ತಗೊಂಡು ಮಾಡುತ್ತೇವೆ ಎಂದು ಒಪ್ಪಿಕೊಂಡ ಕೆಲಸ ಅದು. ಅದಕ್ಕೂ ಪ್ರೀತಿಗೂ ಸಂಬಂಧ ಇಲ್ಲ.

ನೋಂದಣಿ ಯಾವುದು ಅಂತಲೂ ಮೊದಲೇ ಕೇಳಿ. ಚಿಕಿತ್ಸೆ ಕೊಡುವ ಖಾಸಗಿ ಸಂಸ್ಥೆ ಆದರೆ 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಇರಬೇಕು, ದೂರು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಹೋಗುತ್ತೆ. ಬರೀ ವೃದ್ಧಾಶ್ರಮ ಅಂತ ಹೇಳಿಕೊಂಡು ಡ್ರಿಪ್ಪು, ಇಂಜೆಕ್ಷನ್ನು, ಟ್ಯೂಬಿನ ಊಟ ಎಲ್ಲ ಕೊಡುತ್ತಿದ್ದರೆ ಯಾವ ಲೈಸೆನ್ಸ್ ಮೇಲೆ ಅಂತ ವಿಚಾರಿಸಿ. ತುರ್ತಾಗಿ ಯಾರನ್ನು ಕೇಳಬೇಕು ಗೊತ್ತಾಗದಿದ್ದರೆ ಹಿರಿಯರ ಸಹಾಯವಾಣಿ 14567.

ದುಡ್ಡು ಕೊಟ್ಟು ಪಡೆದ ಸೇವೆ ಆದ್ದರಿಂದ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಘಟನೆ ಆದ ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ಆನ್‌ಲೈನಿನಲ್ಲೇ ಸಲ್ಲಿಸಬಹುದು. ನಮ್ಮ ಕರಾರಿನಲ್ಲಿ "ಆರೋಗ್ಯದ ಏರುಪೇರಿಗೆ ಸಂಸ್ಥೆ ಜವಾಬ್ದಾರಿಯಲ್ಲ" ಅಂತ ಒಂದು ಸಾಲಿತ್ತು. ಆ ಸಾಲು ಇದೆ ಅಂತ ನಿರ್ಲಕ್ಷ್ಯಕ್ಕೆ ಮಾಫಿ ಸಿಗಲ್ಲ ಅಂತ ನಮ್ಮ ವಕೀಲರು ಹೇಳಿದರು. ಹೆದರಿ ಹಿಂದೆ ಸರಿಯಬೇಡಿ.

ದೊಡ್ಡಮ್ಮ ಈಗ ಪುಣೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಗಾಯ ಮುಚ್ಚುತ್ತಾ ಬಂದಿದೆ, ವಾಕರ್ ಹಿಡಿದು ಅಡುಗೆಮನೆವರೆಗೂ ನಡೆಯುತ್ತಾರೆ. ಡೆಪಾಸಿಟ್ ಇನ್ನೂ ಬಂದಿಲ್ಲ. ನೀವು ಯಾರನ್ನಾದರೂ ಇಂಥ ಜಾಗದಿಂದ ಕರೆದುಕೊಂಡು ಹೊರಡುವುದಾದರೆ ಜಗಳ ಶುರು ಮಾಡುವ ಮುಂಚೆ ಗಾಯದ ಫೋಟೊ, ಚಾರ್ಟ್, ಮಾತ್ರೆಯ ಸ್ಟ್ರಿಪ್, ಡೈಪರ್ ಬಿಲ್ಲು ಎಲ್ಲ ಕೈಗೆ ತಗೊಳ್ಳಿ. ನಾವು ಮಾರನೇ ದಿನ ಫೈಲಿನ ನಕಲು ಕೇಳೋಕೆ ಹೋದಾಗ ಮಂಚದ ಕಾಲಿನಲ್ಲಿದ್ದ ಆ ಚಾರ್ಟ್ ಆಗಲೇ ಇರಲಿಲ್ಲ.