ಮನೆ ವಿಮೆ ಮೂರು ವರ್ಷ ಬಳಸಿದ ಮೇಲೆ: ಆಕಾಶದಿಂದ ಬಿದ್ದದ್ದಕ್ಕೂ ಪಾಲಿಸಿ ಇದೆ, ಕಾಯ್ದೆ ಇಲ್ಲ

ಕೋಲಾರದ ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಇಪ್ಪತ್ತೆರಡು ವರ್ಷದಿಂದ ಪತ್ರ ಬರೆಯುತ್ತಿದ್ದೇನೆ. ಕ್ರಯ, ದಾನ, ವಿಭಾಗ, ಭೋಗ್ಯ. ಷರತ್ತು ಓದುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ‘ಭಾರತ್ ಗೃಹ ರಕ್ಷಾ’ ಮನೆ ವಿಮೆಯ ಬಗ್ಗೆ ಏಜೆಂಟ್ ಬಾಯಲ್ಲಿ ಕೇಳಿದ್ದನ್ನು ಬಿಟ್ಟು ಕಾಗದದಲ್ಲಿ ಏನಿದೆಯೋ ಅದನ್ನೇ ಬರೆಯುತ್ತೇನೆ.

ಮಾಡಿಸಲು ಕಾರಣ ಅಮ್ಮ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ದೊಡ್ಡ ಲೋಹದ ಬಳೆ ಆಕಾಶದಿಂದ ಬಿತ್ತಲ್ಲ, ಚೀನಾ ರಾಕೆಟ್ಟಿನ ತುಂಡು ಎಂದು ತಜ್ಞರು ಹೇಳಿದರು, ಆ ಸುದ್ದಿ ಟಿವಿಯಲ್ಲಿ ಬರುತ್ತಿತ್ತು. ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದ ಅಮ್ಮ, “ಅಲ್ಲಪ್ಪಾ, ನಮ್ಮನೆ ಮೇಲೆ ಬಿದ್ದಿದ್ರೆ ಯಾರ್ನ ಕೇಳ್ಬೇಕು?” ಅಂದಳು. ನನಗೆ ಗೊತ್ತಿರಲಿಲ್ಲ. ಚಕ್ಕುಬಂದಿ ಅಂತ ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಏನು ಎಂದು ಸಾವಿರಾರು ಪತ್ರಗಳಲ್ಲಿ ಬರೆದವನು ನಾನು. ಮೇಲ್ಗಡೆ ಏನಿದೆ ಎಂದು ಒಮ್ಮೆಯೂ ಬರೆದಿಲ್ಲ.

ಪಾಲಿಸಿ ಚೆನ್ನಾಗಿದೆ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದ ಮೇಲೆ ಬಂದದ್ದು. ಯಾವ ಕಂಪನಿಯಲ್ಲಿ ಕೊಂಡರೂ ಮೂಲ ಒಕ್ಕಣೆ ಒಂದೇ. ಕಟ್ಟಡಕ್ಕೆ 24 ಲಕ್ಷಕ್ಕೆ ಮಾಡಿಸಿದೆ. ಅದರ ಶೇ. 20ರಷ್ಟು, ಹೆಚ್ಚೆಂದರೆ 10 ಲಕ್ಷ, ಮನೆ ಸಾಮಾನಿಗೆ ತಾನಾಗಿ ಸೇರುತ್ತದೆ. ಕಂತು ತಿಂಗಳ ಹಾಲಿನ ಬಿಲ್ಲಿಗಿಂತ ಕಡಿಮೆ. ಅಮ್ಮನ ಪ್ರಶ್ನೆಗೂ ಉತ್ತರ ಸಿಕ್ಕಿತು: ಹೊರಗಿನ ಯಾವುದೇ ವಸ್ತು ಬಂದು ಬಡಿದು ಆದ ಹಾನಿಗೆ ರಕ್ಷಣೆ ಇದೆ, ಉದಾಹರಣೆಗೆ ವಾಹನ, ಮರ, ವಿಮಾನ. ಹಳೆಯ ಫೈರ್ ಪಾಲಿಸಿಯಲ್ಲಂತೂ ಬಾಹ್ಯಾಕಾಶ ಸಾಧನ, ಅದರಿಂದ ಬೀಳುವ ವಸ್ತು ಎಂದು ಬಿಡಿಸಿಯೇ ಬರೆದಿತ್ತು. ನನ್ನ ಪಾಲಿಸಿಯನ್ನು ಇಂಗ್ಲಿಷಿನಲ್ಲಿ ಮಾತ್ರ ಕೊಟ್ಟರು, ಅದೂ ಮೊಬೈಲಿಗೆ ಲಿಂಕ್ ಕಳಿಸಿ. ಕನ್ನಡದಲ್ಲಿ ಕೊಡಿ ಎಂದು ಎರಡು ಸಲ ಬರೆದೆ, ಜವಾಬಿಲ್ಲ.

ಕ್ಲೇಮ್ ಮಾಡಿದ್ದು ಒಂದೇ ಸಲ. ಮೇ ತಿಂಗಳ ಗಾಳಿಮಳೆಗೆ ಪಕ್ಕದ ಮನೆ ದನದ ಕೊಟ್ಟಿಗೆಯ ಜಿಂಕ್ ಶೀಟು ಹಾರಿಬಂದು ನಮ್ಮ ತಾರಸಿಯ ಸೋಲಾರ್ ಹೀಟರಿನ ಗಾಜಿನ ಕೊಳವೆಗಳನ್ನೂ ಪ್ಯಾರಪೆಟ್ಟಿನ ಒಂದು ಮೂಲೆಯನ್ನೂ ಪುಡಿ ಮಾಡಿತು. ಹಾನಿ ಅಳೆಯುವ ವಿಮೆಯ ಸರ್ವೇಯರ್ ಒಂಬತ್ತನೇ ದಿನ ಬಂದ. 31,500 ರೂಪಾಯಿ ಬರೆದುಕೊಂಡ. ಗಾಜು, ಇಟ್ಟಿಗೆ ಚೂರು ಸಾಗಿಸಿದ ಟ್ರ್ಯಾಕ್ಟರ್ ಬಾಡಿಗೆ ಬಿಟ್ಟಿದ್ದ. ಅವಶೇಷ ತೆರವಿಗೆ ಕ್ಲೇಮಿನ ಶೇ. 2ರವರೆಗೆ ಕೊಡಬೇಕು ಎಂಬ ಷರತ್ತಿನ ಮೇಲೆ ಬೆರಳಿಟ್ಟು ತೋರಿಸಿದೆ. “ಇದನ್ನ ಯಾರೂ ಕೇಳಲ್ಲ ಸರ್” ಅಂದ. 630 ರೂಪಾಯಿ ಸೇರಿಸಿಯೇ ಹಣ ಬಂತು. ನೀವೂ ಕೇಳಿ.

ಆ 630 ರೂಪಾಯಿಯಿಂದಲೇ ನನ್ನ ತಲೆ ಮೇಲಕ್ಕೆ ಹೋಯಿತು. ಒಡೆದದ್ದನ್ನು ಗುಡಿಸಬೇಕು, ಅದಕ್ಕೂ ಖರ್ಚಿದೆ ಎಂದು ಸಣ್ಣ ಮನೆ ಪಾಲಿಸಿಗೇ ಗೊತ್ತು. ಉಪಗ್ರಹಗಳು ಭೂಮಿಯನ್ನು ಸುತ್ತುವ ಕಕ್ಷೆಯಲ್ಲಿ ಹಾಗಿಲ್ಲ. 1967ರ ಬಾಹ್ಯಾಕಾಶ ಒಪ್ಪಂದದ 8ನೇ ವಿಧಿಯಂತೆ, ಹಾರಿಸಿದ ವಸ್ತು ಮೇಲಿದ್ದರೂ ಕೆಳಗೆ ಬಿದ್ದರೂ ಅದರ ಮಾಲೀಕತ್ವ ಬದಲಾಗುವುದಿಲ್ಲ. ಕೆಟ್ಟು ನಿಂತ ಉಪಗ್ರಹವನ್ನು ಬೇರೆ ದೇಶ ಅನುಮತಿ ಇಲ್ಲದೆ ಎಳೆದು ಹಾಕುವಂತಿಲ್ಲ. ಮಾಲೀಕನೇ ತೆರವು ಮಾಡಬೇಕೆಂಬ ಸ್ಪಷ್ಟ ಕಟ್ಟುಪಾಡೂ ಆ ಒಪ್ಪಂದದಲ್ಲಿ ಇಲ್ಲ. 2009ರ ಫೆಬ್ರವರಿ 10ರಂದು ಸೈಬೀರಿಯಾದ ಮೇಲೆ ಸುಮಾರು 790 ಕಿ.ಮೀ. ಎತ್ತರದಲ್ಲಿ, ಕೆಲಸ ಮಾಡುತ್ತಿದ್ದ ಅಮೆರಿಕದ ಸಂಪರ್ಕ ಉಪಗ್ರಹ ಇರಿಡಿಯಂ 33ಕ್ಕೆ ಬಡಿದದ್ದು ಸತ್ತುಹೋಗಿದ್ದ ರಷ್ಯಾದ ಉಪಗ್ರಹ ಕಾಸ್ಮೋಸ್ 2251. ಮೇಲಿನ ಕಸದಲ್ಲಿ ನಮ್ಮದೂ ಪಾಲಿದೆ: 2001ರಲ್ಲಿ ಇಸ್ರೋದ ರಾಕೆಟ್ ಪಿಎಸ್‌ಎಲ್‌ವಿ-ಸಿ3ರ ಕೊನೆಯ ಹಂತ ಕಕ್ಷೆಯಲ್ಲೇ ಸಿಡಿದು ನೂರಾರು ಚೂರಾಯಿತು. 2030ರ ಹೊತ್ತಿಗೆ ಕಸ ಬಿಡದ ಯಾನಗಳೇ ನಮ್ಮ ಗುರಿ ಎಂದು ಇಸ್ರೋ ಈಗ ಹೇಳಿದೆ, ಮೇಘಾ-ಟ್ರಾಪಿಕ್ಸ್ ಉಪಗ್ರಹವನ್ನು 2023ರ ಮಾರ್ಚ್‌ನಲ್ಲಿ ತಾನಾಗಿ ಕೆಳಗಿಳಿಸಿ ಪೆಸಿಫಿಕ್ ಸಾಗರದ ಮೇಲೆ ಸುಟ್ಟೂ ತೋರಿಸಿದೆ. ನನಗೆ ಹೆಮ್ಮೆಯಿದೆ. ಆದರೆ ಗುರಿ ಬೇರೆ, ಷರತ್ತು ಬೇರೆ.

ಬಿದ್ದರೆ ಯಾರು ಕೊಡಬೇಕು? 1972ರ ಹೊಣೆಗಾರಿಕೆ ಒಪ್ಪಂದದಂತೆ ನೆಲದ ಮೇಲಿನ ಹಾನಿಗೆ ಹಾರಿಸಿದ ದೇಶವೇ ಪೂರ್ತಿ ಹೊಣೆ, ತಪ್ಪು ಯಾರದೆಂದು ಸಾಬೀತು ಮಾಡಬೇಕಿಲ್ಲ. ಚೀನಾದ ತುಂಡು ನಮ್ಮ ತಾರಸಿಗೆ ಬಿದ್ದರೆ ಭಾರತ ಸರ್ಕಾರ ನಮ್ಮ ಪರ ಕೇಳಬಹುದು. ಅದೇ ಒಪ್ಪಂದದ 7ನೇ ವಿಧಿ ಓದಿ ನಾನು ಕನ್ನಡಕ ತೆಗೆದಿಟ್ಟೆ: ಹಾರಿಸಿದ ದೇಶದ ಸ್ವಂತ ಪ್ರಜೆಗಳಿಗೆ ಆದ ಹಾನಿಗೆ ಇದು ಅನ್ವಯಿಸುವುದಿಲ್ಲ. ಅಂದರೆ ಭಾರತದ್ದೇ ರಾಕೆಟ್ಟಿನ ತುಂಡು ಕೋಲಾರದ ಮನೆಯ ಮೇಲೆ ಬಿದ್ದರೆ ನಮ್ಮ ದೇಶದ ಕಾನೂನನ್ನೇ ನೋಡಬೇಕು. ಫ್ರಾನ್ಸ್ 2008ರಲ್ಲೇ ಇಂಥದ್ದಕ್ಕೆ ಕಾಯ್ದೆ ಮಾಡಿಕೊಂಡಿದೆ. ನಮ್ಮಲ್ಲಿ 2017ರ ಬಾಹ್ಯಾಕಾಶ ಚಟುವಟಿಕೆಗಳ ಮಸೂದೆ ಕರಡಿನಲ್ಲೇ ನಿಂತಿತು. 2020ರಲ್ಲಿ ಖಾಸಗಿಯವರಿಗೆ ಬಾಗಿಲು ತೆರೆದು, ಅವರಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಇನ್-ಸ್ಪೇಸ್ ಬಂತು, 2023ರಲ್ಲಿ ಬಾಹ್ಯಾಕಾಶ ನೀತಿ ಬಂತು. ನೀತಿ ಎಂದರೆ ನಮ್ಮ ಭಾಷೆಯಲ್ಲಿ ಮಾತುಕತೆಯ ಚೀಟಿ; ನೋಂದಣಿ ಆದ ಪತ್ರವಲ್ಲ. ಖಾಸಗಿ ಕಂಪನಿಗಳು ರಾಕೆಟ್ ಹಾರಿಸುವ ಹೊತ್ತಿಗೆ ಆ ಪತ್ರ ಆಗಿರಬೇಕಿತ್ತು. ಬಡವನ ಗುಡಿಸಲಿಗೆ ಪಾಲಿಸಿ ಇರುವುದಿಲ್ಲ, ಅವನು ಯಾವ ಕಾಗದ ಹಿಡಿದು ಹೋಗಬೇಕು?

ಪಾಲಿಸಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಕನ್ನಡ ಪ್ರತಿ ಇಲ್ಲದ್ದಕ್ಕೆ. ವಿಕಿರಣದ ಹಾನಿಗೆ ರಕ್ಷಣೆ ಇಲ್ಲವೆಂಬ ಷರತ್ತನ್ನೂ ಓದಿಕೊಳ್ಳಿ. 1978ರಲ್ಲಿ ಕೆನಡಾದಲ್ಲಿ ಬಿದ್ದ ಸೋವಿಯತ್ ಉಪಗ್ರಹ ಕಾಸ್ಮೋಸ್ 954ರಲ್ಲಿ ಅಣು ರಿಯಾಕ್ಟರ್ ಇತ್ತು. ಸೋವಿಯತ್ ಒಕ್ಕೂಟ 30 ಲಕ್ಷ ಕೆನಡಾ ಡಾಲರ್ ಕೊಡಲು ಒಪ್ಪಿದ್ದು 1981ರಲ್ಲಿ.

ಏನಾದರೂ ಬಿದ್ದರೆ ಮುಟ್ಟಬೇಡಿ, ಉಳಿದ ಇಂಧನ ವಿಷವಾಗಿರಬಹುದು. 112ಕ್ಕೆ ಹೇಳಿ, ದೂರದಿಂದ ಫೋಟೊ ತೆಗೆಯಿರಿ, ತಾರೀಖು ಬರೆದಿಡಿ. 1972ರ ಒಪ್ಪಂದದಲ್ಲಿ ಪರಿಹಾರ ಕೇಳಲು ಇರುವುದು ಒಂದು ವರ್ಷ. ನಾನು ಪಾಲಿಸಿಯನ್ನು ಕ್ರಯಪತ್ರದ ಜೊತೆ ಅಮ್ಮನ ಟ್ರಂಕಿನಲ್ಲಿ ಇಟ್ಟಿದ್ದೇನೆ.