36 ಇಂಚಿನ ಯೂನಿಸೈಕಲ್: ಗಾಲಿಗೆ ಪೂರ್ತಿ ಅಂಕ, ಬ್ರೇಕಿಗೆ ಕೊಡಲಾರೆ

ದೂರ ಹೋಗೋಕೆ ಯೂನಿಸೈಕಲ್, ಅಂದರೆ ಒಂದೇ ಗಾಲಿಯ ಸೈಕಲ್, ತಗೊಳ್ಳಬೇಕು ಅಂತಿರುವವರು ಮೊದಲು ಕೇಳುವುದು ಗಾಲಿ 29 ಇಂಚಾ, 36 ಇಂಚಾ ಅಂತ. ಮಲೆನಾಡಿನವರಾಗಿದ್ದರೆ ಮೊದಲು ಬ್ರೇಕ್ ನೋಡಿ ಅಂತೀನಿ ನಾನು. ನನ್ನದು 36 ಇಂಚಿನದ್ದು, ರಿಮ್ ಬ್ರೇಕಿನದ್ದು, ಅಂದರೆ ಗಾಲಿಯ ರಿಮ್ಮನ್ನೇ ಪ್ಯಾಡ್ ಒತ್ತಿ ಹಿಡಿಯುವಂಥದ್ದು. ಕೆಲವು ಮಳೆಗಾಲ ಇದರ ಮೇಲೆ ಕಳೆದಿದ್ದೇನೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಯೂನಿಸೈಕಲ್ಲಿಗೆ ಚೈನ್ ಇಲ್ಲ, ಮಾಮೂಲಿಯಾಗಿ ಗೇರೂ ಇಲ್ಲ. ಪೆಡಲ್ ಒಂದು ಸುತ್ತು ಬಂದರೆ ಗಾಲಿಯೂ ಒಂದೇ ಸುತ್ತು. ಆ ಒಂದು ಸುತ್ತಿಗೆ 29ರಲ್ಲಿ ಸುಮಾರು 2.3 ಮೀಟರ್ ಸಾಗಿದರೆ 36ರಲ್ಲಿ ಸುಮಾರು 2.9. ನಿಮಿಷಕ್ಕೆ 100 ಸುತ್ತು ತುಳಿದರೆ ಅದು ಗಂಟೆಗೆ 14 ಕಿ.ಮೀ. ಹತ್ತಿರ, ಇದು 17ರ ಮೇಲೆ. ಕಾಗದದ ಮೇಲೆ ಸಣ್ಣ ವ್ಯತ್ಯಾಸ. ಆದರೆ ಬೆಳಿಗ್ಗೆ ಹೊಳೆಹೊನ್ನೂರು ರಸ್ತೆಗೆ ಇಳಿದು ಒಮ್ಮೆ ಲಯ ಸಿಕ್ಕಿತು ಅಂದರೆ ಗಾಲಿ ತನ್ನ ಭಾರಕ್ಕೇ ಓಡುತ್ತದೆ, ಕಾಲು ಬರೀ ಜೊತೆ ಕೊಟ್ಟರೆ ಸಾಕು. ಸಣ್ಣಪುಟ್ಟ ಗುಂಡಿ ಗೊತ್ತೇ ಆಗುವುದಿಲ್ಲ. ಕೂತ ಎತ್ತರಕ್ಕೆ ಗದ್ದೆ ಬಯಲೆಲ್ಲ ಕಣ್ಣಿಗೆ ಬೀಳುತ್ತದೆ. ಈ ಖುಷಿ ಇವತ್ತಿಗೂ ಕಮ್ಮಿ ಆಗಿಲ್ಲ.

ನಾನು ತುಂಬಾ ಇಷ್ಟಪಡುವ ಇನ್ನೊಂದು ಸಂಗತಿ ಎರಡು ತೂತಿನ ಕ್ರ್ಯಾಂಕ್, ಅಂದರೆ ಪೆಡಲ್ ಸಿಕ್ಕಿಸುವ ತೋಳು. ಒಳಗಿನದು 125 ಮಿ.ಮೀ., ಹೊರಗಿನದು 150. ಸಮತಟ್ಟಿಗೆ ಒಳಗಿನದು, ಏರಿಗೆ ಹೊರಗಿನದು. ತೀರ್ಥಹಳ್ಳಿ ಕಡೆ ಹೊರಟರೆ ಗಾಜನೂರಿನಲ್ಲಿ ನಿಲ್ಲಿಸಿ, ಮರಕ್ಕೆ ಒರಗಿಸಿ, ಪೆಡಲನ್ನು ಹೊರಗಿನ ತೂತಿಗೆ ಹಾಕಲು 15ರ ಸ್ಪ್ಯಾನರ್ ತೆಗೆಯುತ್ತೇನೆ. ಎಡಗಡೆ ಪೆಡಲಿನ ಮರೆ (ಥ್ರೆಡ್) ಉಲ್ಟಾ, ಅದನ್ನು ನೆನಪಿಟ್ಟುಕೊಳ್ಳಬೇಕು. ಮರೆಗೆ ಬೆರಳಲ್ಲಿ ಚೂರು ಗ್ರೀಸ್ ಸವರಿ, ಮೊದಲ ಮೂರ್ನಾಲ್ಕು ಸುತ್ತು ಕೈಯಲ್ಲೇ ತಿರುಗಿಸಿ, ಸಲೀಸಾಗಿ ಕೂರುತ್ತಿದೆ ಅಂತ ಖಾತ್ರಿಯಾದ ಮೇಲೇ ಸ್ಪ್ಯಾನರ್ ಹಾಕುವುದು. ಅಂಗಡಿಯವರು ಟೀ ಕೊಡುವಷ್ಟರಲ್ಲಿ ಎರಡೂ ಕಡೆ ಮುಗಿದಿರುತ್ತದೆ. ಗೇರ್ ಇರುವ ಹಬ್ (ಗಾಲಿಯ ನಡುಭಾಗ) ಕೂಡ ಬರುತ್ತದೆ, ಆದರೆ ಅದರ ಬೆಲೆ ನನ್ನ ಕೈಗೆಟುಕುವಂಥದ್ದಲ್ಲ.

ಈಗ ಬ್ರೇಕ್. ಮಾಮೂಲಿ ಸೈಕಲ್ಲಿನಲ್ಲಿ ಇಳಿಜಾರು ಬಂದರೆ ಕಾಲು ಸುಮ್ನೆ ಇಟ್ಟುಕೊಂಡು ಕೂರಬಹುದು, ಅಲ್ವಾ? ಇಲ್ಲಿ ಗಾಲಿ ತಿರುಗಿದಷ್ಟೂ ಪೆಡಲ್ ತಿರುಗುತ್ತಲೇ ಇರುತ್ತದೆ. ಮಂಡಿಯಲ್ಲೇ ತಡೆದು ತಡೆದು ಇಳಿಯಬೇಕು, ಇಲ್ಲ ಬ್ರೇಕ್ ಸಹಾಯ ಬೇಕು. ಅದೂ ಗಕ್ಕನೆ ಹಿಡಿಯುವ ಬ್ರೇಕ್ ಅಲ್ಲ, ಹಾಗೆ ಹಿಡಿದರೆ ಗಾಲಿ ನಿಂತು ನಾವು ಮುಂದೆ ಬೀಳುತ್ತೇವೆ. ಸೀಟಿನ ಮುಂದಿರುವ ಲಿವರನ್ನು ಒಂದು ಬೆರಳಲ್ಲಿ ಹದವಾಗಿ ಒತ್ತಿಕೊಂಡೇ ಇಳಿಯಬೇಕು. ಒಣ ರಸ್ತೆಯಲ್ಲಿ ರಿಮ್ ಬ್ರೇಕ್ ಇದನ್ನು ಚೆನ್ನಾಗಿಯೇ ಮಾಡುತ್ತದೆ. ಮಳೆಯಲ್ಲಿ ಆ ಹದವೇ ಸಿಗುವುದಿಲ್ಲ. ಒತ್ತಿದರೆ ಮೊದಲು ಏನೂ ಇಲ್ಲ, ಜಾರುತ್ತದೆ. ಇನ್ನೂ ಒತ್ತುತ್ತೇವೆ, ರಿಮ್ಮಿನ ನೀರು ಒರೆಸಿಹೋಗುತ್ತಿದ್ದಂತೆ ಒಮ್ಮೆಲೇ ಕಚ್ಚುತ್ತದೆ. ಸಕ್ರೆಬೈಲು ದಾಟಿದ ಮೇಲೆ ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ. ಮಂಡಗದ್ದೆ ಕಡೆಯ ತಿರುವುಗಳಲ್ಲಿ ಹಿಂದಿನಿಂದ ಬಸ್ಸು ಬೇರೆ. ನಾನಂತೂ ಇಳಿದು ತಳ್ಳಿಕೊಂಡೇ ಹೋಗಿದ್ದೇನೆ. ಮನೆಗೆ ಬಂದು ಪ್ಯಾಡ್ ಬಿಚ್ಚಿದರೆ ಕೆಮ್ಮಣ್ಣು, ಮರಳು, ರಿಮ್ಮಿನಿಂದ ಉದುರಿದ ಅಲ್ಯೂಮಿನಿಯಂ ಪುಡಿ ಎಲ್ಲ ಸೇರಿ ಬೆರಳಿಗೆ ಲೇಹದಂತೆ ಅಂಟುತ್ತದೆ.

ಮಾರಿದವರನ್ನು ಕೇಳಿದರೆ ಪ್ಯಾಡ್ ಉಜ್ಜಿ ನೋಡಿ ಅಂದರು. ಉಜ್ಜಿದೆ, ಹೊಸದೂ ಹಾಕಿಸಿದೆ. ಆಷಾಢದ ಮಳೆಗೆ ಹಳೆಯದೂ ಒಂದೇ, ಹೊಸದೂ ಒಂದೇ. ಇಷ್ಟು ದುಡ್ಡಿನ ಗಾಡಿಯ ಫ್ರೇಮಿನಲ್ಲಿ ಡಿಸ್ಕ್ ಬ್ರೇಕ್ ಕೂರಿಸಲು ಜಾಗವನ್ನೇ ಕೊಟ್ಟಿಲ್ಲ, ಸಿಟ್ಟು ಬರುವುದು ಅದಕ್ಕೆ. ಆ ಬ್ರೇಕ್ ಹಿಡಿಯುವ ತಟ್ಟೆ ಗಾಲಿಯ ನಡುವಿನಲ್ಲಿ, ರಸ್ತೆಯ ಕೆಸರಿನಿಂದ ಮೇಲೆ ಇರುತ್ತದೆ. ಒದ್ದೆಯಲ್ಲೂ ಹದವಾಗಿ ಹಿಡಿಯುತ್ತದೆ.

ಟೈರಿನ ಲೆಕ್ಕವೂ ಹಾಕಿಕೊಳ್ಳಿ. 29 ಇಂಚಿನ ರಿಮ್ಮೂ ರೋಡ್ ಸೈಕಲ್ಲಿನ 700ಸಿ ರಿಮ್ಮೂ ಒಂದೇ ಅಳತೆ, 622 ಮಿ.ಮೀ. ಶಿವಮೊಗ್ಗದಲ್ಲೇ ಸೈಕಲ್ ಅಂಗಡಿಯಲ್ಲಿ ಟೈರ್ ಸಿಗುತ್ತದೆ. 36ರದ್ದನ್ನು ಹೊರಗಿನಿಂದಲೇ ತರಿಸಬೇಕು, ಮೇಲೆ ಕಸ್ಟಮ್ಸ್. ಟ್ಯೂಬಿಗೆ ಮಾತ್ರ ದಾರಿಯಿದೆ: 29ರ ಟ್ಯೂಬನ್ನೇ ಎಳೆದು ಕೂರಿಸಿಕೊಂಡು ಓಡಿಸುತ್ತಿದ್ದೇನೆ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ವರ್ಷವಿಡೀ ಓಡಿಸುವುದಾದರೆ 29 ಇಂಚು, ಡಿಸ್ಕ್ ಬ್ರೇಕ್ ತಗೊಳ್ಳಿ. ಶಿವಮೊಗ್ಗ, ಭದ್ರಾವತಿಯ ಬಯಲಿನಲ್ಲೇ ಜಾಸ್ತಿ ಓಡಾಟ ಇದ್ದರೆ 36 ಕಣ್ಣುಮುಚ್ಚಿ ತಗೊಳ್ಳಿ, ಡಿಸ್ಕ್ ಫ್ರೇಮ್ ಇರುವುದನ್ನೇ ಕೇಳಿ. ನನ್ನದನ್ನು ಮಾರುವ ಯೋಚನೆ ಇಲ್ಲ. ಡಿಸ್ಕ್ ಫ್ರೇಮು, ಹಬ್ಬಿಗೆ ದುಡ್ಡು ಕೂಡಿಡುತ್ತಿದ್ದೇನೆ. ಅದು ಬರುವ ತನಕ ಮಳೆಗಾಲದಲ್ಲಿ ಗಾಜನೂರಿನಿಂದ ಆಚೆಗೆ ಹೋಗುವುದಿಲ್ಲ.