ಹುರಿದ ಕಟ್ಟಿಗೆಯನ್ನು ಅದೇ ದಿನ ಚೀಲಕ್ಕೆ ತುಂಬಬೇಡಿ

ಮರದ ತುಂಡುಗಳನ್ನು ಮುಚ್ಚಿದ ಡ್ರಮ್ಮಿನಲ್ಲಿ ಹುರಿದು ಉರುವಲು ಮಾಡುವ ಕೆಲಸಕ್ಕೆ ಕೈ ಹಾಕಿರುವವರು, ಹಾಕಬೇಕೆಂದಿರುವವರು ದಯವಿಟ್ಟು ಇದನ್ನು ಓದಿ. ಕಳೆದ ಡಿಸೆಂಬರಿನಲ್ಲಿ ನಮ್ಮ ಶೆಡ್ ಸುಟ್ಟುಹೋಯಿತು. ನಮ್ಮ ಭಾವನವರು ಬದುಕಿದ್ದೇ ಹೆಚ್ಚು.

ನಮ್ಮದು ಸಕಲೇಶಪುರದ ಕಡೆ. ಕಾಫಿ ತೋಟದ ಸಿಲ್ವರ್ ಓಕ್ ಕೊಯ್ಯುವ ಸಾಮಿಲ್ಲಿನಲ್ಲಿ ತುಂಡು, ಚಕ್ಕೆ ರಾಶಿ ಬೀಳುತ್ತವೆ. ಹಸಿಯಾಗಿ ಒಲೆಗಿಟ್ಟರೆ ಬರೀ ಹೊಗೆ. ಅವನ್ನೇ ಒಣಗಿಸಿ, ಗಾಳಿ ಸೇರದಂತೆ 200ರಿಂದ 300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹುರಿದರೆ ತೂಕ ಸುಮಾರು ಶೇ 30ರಷ್ಟು ಇಳಿಯುತ್ತದೆ. ಉರಿಯುವ ಕಸುವಿನಲ್ಲಿ ಕಳೆದುಹೋಗುವುದು ಸುಮಾರು ಶೇ 10 ಮಾತ್ರ. ಟಾರಿಫ್ಯಾಕ್ಷನ್ ಎಂದು ಇದಕ್ಕೆ ಹೆಸರು. ಹುರಿದ ಕಾಫಿ ಬೀಜದ ಬಣ್ಣ ಬರುತ್ತದೆ, ತೆಳು ಚಕ್ಕೆ ಹಪ್ಪಳದಂತೆ ಮುರಿಯುತ್ತದೆ, ಮಳೆಗಾಲದ ತೇವವನ್ನೂ ಅಷ್ಟಾಗಿ ಹೀರುವುದಿಲ್ಲ. ಕೆಲಸ ಒಳ್ಳೆಯದೇ, ಈಗಲೂ ಹಾಗೆಯೇ ಹೇಳುತ್ತೇನೆ.

ಡ್ರಮ್ ಮಾಡಿಕೊಟ್ಟವರು ಒಂದು ಮಾತು ಹೇಳಿದ್ದರು: "ಮುಟ್ಟಿದಾಗ ಕೈ ಸುಡದಿದ್ದರೆ ಸಾಕು, ತುಂಬಬಹುದು." ಅದನ್ನು ನಂಬಿದೆವು. ಸಂಜೆ ಐದಕ್ಕೆ ಮುಚ್ಚಳ ತೆಗೆದು ಸುರಿದೆವು, ಆರೂವರೆಗೆ ಹದಿನೆಂಟು ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ಗೋಡೆಗೆ ಒತ್ತಿ ಪೇರಿಸಿದೆವು. ಚೀಲದ ಹೊರಮೈ ತಣ್ಣಗೇ ಇತ್ತು.

ರಾತ್ರಿ ಎರಡರ ಹೊತ್ತಿಗೆ ಮೂಗಿಗೆ ಹುಳಿ ಘಾಟು ಬಡಿಯಿತು. ಹೋಗಿ ನೋಡಿದರೆ ಬೆಂಕಿ ಕಾಣಲಿಲ್ಲ. ಬಾಗಿಲ ಸಂದಿಯಿಂದ ಹಳದಿ ಹೊಗೆ ನೆಲ ಹಿಡಿದು ಹೊರಬರುತ್ತಿತ್ತು. ಭಾವ ಬಾಗಿಲು ದೂಡಿ ಒಳಗೆ ನುಗ್ಗಿ, ನಡುವಿನ ಸಾಲಿನ ಚೀಲವೊಂದನ್ನು ಎಳೆದರು. ಕರಗಿದ ಪ್ಲಾಸ್ಟಿಕ್ ಹರಿದು ಒಳಗಿನ ಕೆಂಡ ಹೊರಬಿತ್ತು. ಗಾಳಿ ತಾಗಿದ್ದೇ ತಡ, ಭಗ್ಗೆಂದು ಉರಿ ಎದ್ದಿತು. ಅವರು ಎರಡು ಹೆಜ್ಜೆ ಹಿಂದೆ ಬಂದವರು ಅಲ್ಲೇ ಕುಸಿದರು. ಸುಟ್ಟ ಗಾಯ ಒಂದೂ ಇರಲಿಲ್ಲ. ಕಾಲು ಹಿಡಿದು ಅಂಗಳಕ್ಕೆ ಎಳೆದುಕೊಂಡೆ. ಕಾರ್ಬನ್ ಮಾನಾಕ್ಸೈಡ್ ಏರಿದೆ ಎಂದು ಆಸ್ಪತ್ರೆಯಲ್ಲಿ ಇಡೀ ಮರುದಿನ ಆಮ್ಲಜನಕ ಕೊಟ್ಟರು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮನ್ನು ಎಬ್ಬಿಸಿದ ಘಾಟು ಬೇರೆಯದು, ಅದು ಬಂದದ್ದು ನಮ್ಮ ಪುಣ್ಯ.

ಯಾರೋ ಬೀಡಿ ಎಸೆದಿರಬೇಕು ಎಂದು ಊರಿನಲ್ಲಿ ಮಾತಾಯಿತು. ಹಾಗಲ್ಲ. ಹೊಸದಾಗಿ ಹುರಿದ ಕಟ್ಟಿಗೆ ಗಾಳಿಗೆ ಬಂದೊಡನೆ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ, ಹೀರುವಾಗ ತಾನೇ ಬಿಸಿಯಾಗುತ್ತದೆ. ತೆಳ್ಳಗೆ ಹರಡಿದ್ದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ರಾಶಿಯ ನಡುವೆ ಅದಕ್ಕೆ ದಾರಿಯಿಲ್ಲ. ಬಿಸಿ ಹೆಚ್ಚಿದಷ್ಟೂ ಹೀರುವುದು ಹೆಚ್ಚು, ಹೀರಿದಷ್ಟೂ ಬಿಸಿ ಹೆಚ್ಚು. ಕಿಡಿಯೇ ಬೇಕಿಲ್ಲ. ಪುಡಿ ಹೆಚ್ಚಿದ್ದರೆ ಇನ್ನೂ ಬೇಗ. ನಮ್ಮ ಚೀಲಗಳ ತಳದಲ್ಲಿ ಮುಷ್ಟಿಗಟ್ಟಲೆ ಪುಡಿ ಇತ್ತು.

ಹಾಗಾಗಿ ಡ್ರಮ್ಮಿನ ಮುಚ್ಚಳಕ್ಕೆ ಜೇಡಿಮಣ್ಣು ಮೆತ್ತಿ ರಾತ್ರಿಯಿಡೀ ಹಾಗೆಯೇ ಬಿಡಿ, ಪೂರ್ತಿ ತಣಿಯುವವರೆಗೆ ತೆಗೆಯಬೇಡಿ. ತೆಗೆದ ಮೇಲೆ ಮನೆಯಿಂದ ದೂರ, ಬಯಲಿನಲ್ಲಿ ಒಂದು ಗೇಣಿಗಿಂತ ತೆಳ್ಳಗೆ ಹರಡಿ, ಕನಿಷ್ಠ ಒಂದು ಹಗಲು ಒಂದು ರಾತ್ರಿ ಬಿಡಿ. ತುಂಬುವ ಮೊದಲು ಪುಡಿಯನ್ನು ಜರಡಿ ಹಿಡಿದು ಬೇರೆ ಮಾಡಿ. ಪೇರಿಸಿದ ಮೇಲೂ ಮೊದಲ ಕೆಲವು ದಿನ ನಡುವಿನ ಚೀಲಕ್ಕೆ ಕಬ್ಬಿಣದ ಸಲಾಕೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆದು, ತುದಿಯ ಬಳಿ ಕೈ ಹಿಡಿದು ನೋಡಿ. ಹೊರಮೈ ಮುಟ್ಟಿ ನೋಡುವುದು ಪರೀಕ್ಷೆಯೇ ಅಲ್ಲ.

ಇನ್ನೊಂದು: ಪ್ಲೈವುಡ್, ಸನ್ಮೈಕಾ ಅಂಟಿಸಿದ ಹಲಗೆ, ಬಣ್ಣ ಬಳಿದ ಕಿಟಕಿ ಚೌಕಟ್ಟು ಇವನ್ನು ಡ್ರಮ್ಮಿಗೆ ಹಾಕಲೇಬೇಡಿ. ಅಂಟು, ಬಣ್ಣದ ವಿಷ ಹೊಗೆಯಲ್ಲಿ ಬರುತ್ತದೆ.

ಹೊಗೆ ಕಂಡರೆ ಮುಚ್ಚಿದ ಶೆಡ್ಡಿನ ಒಳಗೆ ಹೋಗಬೇಡಿ. ಹೊರಗೆ ನಿಂತು 112ಕ್ಕೆ ಕರೆ ಮಾಡಿ. ಕಟ್ಟಿಗೆ ಹೋದರೆ ಹೋಗಲಿ. ಭಾವನವರಿಗೆ ಇವತ್ತಿಗೂ ಮೆಟ್ಟಿಲು ಹತ್ತಿದರೆ ತಲೆ ತಿರುಗುತ್ತದೆ.